ಹೆಕ್ಸ್ ಬಂತು, ಸೋರ್ಸ್ ಬರಲಿಲ್ಲ: 3 ಇಂಚಿನ ಡ್ರೋನಿನ ರಿಪೇರಿ ಲಾಗ್

ಕೆಲಸ ಮುಗಿದಿದೆ. ಡ್ರೋನ್ ಹಾರುತ್ತಿದೆ, ವಿಡಿಯೋ ಬರುತ್ತಿದೆ, ಬ್ಲ್ಯಾಕ್‌ಬಾಕ್ಸ್ (ಹಾರಾಟದ ದಾಖಲೆ) ಲಾಗ್ ಆಗುತ್ತಿದೆ. ಇಂಥದ್ದೇ ಅಗ್ಗದ ಬೋರ್ಡು ಕೊಂಡು ತಲೆ ಮೇಲೆ ಕೈ ಹೊತ್ತು ಕೂತವರು ಬೇರೆಯವರೂ ಇರಬಹುದು. ಅವರಿಗೆ ಬೇಕಾಗುತ್ತದೆ ಅಂತ ಕ್ರಮವಾಗಿ ಬರೆದಿಡುತ್ತಿದ್ದೇನೆ. ಹೆಕ್ಸ್ ಅಂದರೆ ಬೋರ್ಡಿಗೆ ಹಾಕಲು ಸಿದ್ಧವಾದ ಪ್ರೋಗ್ರಾಮ್ ಫೈಲ್, ಸೋರ್ಸ್ ಅಂದರೆ ಅದನ್ನು ಕಟ್ಟಲು ಮನುಷ್ಯರು ಬರೆದ ಕೋಡ್. ಮಾರಿದ ಕಂಪನಿಯ ಹೆಸರು ಹಾಕುವುದಿಲ್ಲ. ಸೋರ್ಸ್ ಕೊಡದ ಈ ಚಾಳಿ ಇರುವುದು ಅದೊಂದಕ್ಕೇ ಅಲ್ಲ.

ಸಾಮಾನು ಇಷ್ಟು: 3 ಇಂಚಿನ ಕಾರ್ಬನ್ ಫ್ರೇಮ್, 1404 ಮೋಟಾರ್, 20×20 ಅಳತೆಯ ಎಫ್405 ಸ್ಟ್ಯಾಕ್ (ಡ್ರೋನಿನ ಕಂಟ್ರೋಲರ್ ಬೋರ್ಡು, ಮೋಟಾರ್ ನಡೆಸುವ ಇಎಸ್‌ಸಿ ಬೋರ್ಡು ಸೇರಿ), ಇಎಲ್‌ಆರ್‌ಎಸ್ ರಿಸೀವರ್ (ರಿಮೋಟಿನ ಸಿಗ್ನಲ್ ಹಿಡಿಯುವುದು), ಸಣ್ಣ ಜಿಪಿಎಸ್, ಅನಲಾಗ್ ಕ್ಯಾಮೆರಾ, ವಿಟಿಎಕ್ಸ್ (ವಿಡಿಯೋ ಕಳಿಸುವ ಟ್ರಾನ್ಸ್‌ಮಿಟರ್). 4ಎಸ್ (ನಾಲ್ಕು ಸೆಲ್) 650 ಎಂಎಎಚ್ ಬ್ಯಾಟರಿ ಸೇರಿ 244 ಗ್ರಾಂ. 250ರ ಒಳಗೆ ಇರಲೇಬೇಕು ಅಂತ ಹಟ ಹಿಡಿದು ಕಟ್ಟಿದ್ದು. 2021ರ ಡ್ರೋನ್ ನಿಯಮದ ಪ್ರಕಾರ ಅದು ನ್ಯಾನೋ ವರ್ಗ, ಪೈಲಟ್ ಸರ್ಟಿಫಿಕೇಟ್ ಬೇಡ. 2022ರ ಫೆಬ್ರವರಿಯಿಂದ ಹೊರದೇಶದ ಸಿದ್ಧ ಡ್ರೋನ್ ಆಮದಿಗೆ ನಿಷೇಧ ಇದೆ, ಬಿಡಿ ಭಾಗಕ್ಕೆ ಇಲ್ಲ. ಹಾಗಾಗಿ ನಮ್ಮಂಥವರು ಬಿಡಿ ಭಾಗ ತರಿಸಿ ಕಟ್ಟುವುದೇ ಜಾಸ್ತಿ. ಸ್ಟ್ಯಾಕಿಗೆ ಕೊಟ್ಟದ್ದು 4,600 ರೂಪಾಯಿ. ಡಬ್ಬಿಯ ಮೇಲೆ ದೊಡ್ಡದಾಗಿ 'ಬೀಟಾಫ್ಲೈಟ್' ಅಂತ ಇತ್ತು. ಡ್ರೋನ್ ನಡೆಸುವ ಓಪನ್ ಸೋರ್ಸ್ ಫರ್ಮ್‌ವೇರ್ (ಬೋರ್ಡಿನ ಒಳಗಿನ ಪ್ರೋಗ್ರಾಮ್) ಅದು.

ಸಮಸ್ಯೆ ಹುಟ್ಟಿದ್ದು ಅಪ್‌ಡೇಟ್‌ನಿಂದ. ಬೋರ್ಡಿನಲ್ಲಿ ಬಂದದ್ದು ಬೀಟಾಫ್ಲೈಟ್ 4.3. ನಾನು ಹಾರಿಸುವುದು ಉಡುಪಿ ಹತ್ತಿರ ಕಲ್ಯಾಣಪುರದ ಗದ್ದೆಯಲ್ಲಿ. ಒಂದು ಕಡೆ ತೆಂಗಿನ ತೋಟ, ಇನ್ನೊಂದು ಕಡೆ ಸ್ವರ್ಣಾ ಹೊಳೆ. ಸಿಗ್ನಲ್ ಹೋದರೆ ಡ್ರೋನ್ ತಾನಾಗಿ ಮರಳಿ ಬರಬೇಕು, ಇಲ್ಲದಿದ್ದರೆ ಹೊಳೆಯ ಪಾಲು. ಆ ಜಿಪಿಎಸ್ ರೆಸ್ಕ್ಯೂ ಕೆಲಸ 4.4ರಲ್ಲಿ ತುಂಬಾ ಸುಧಾರಿಸಿತು, 2024ರಲ್ಲಿ ಬಂದ 4.5ರಲ್ಲಿ ಇನ್ನೂ ಚೆನ್ನಾಗಿದೆ. ಅದು ನನಗೆ ಬೇಕಿತ್ತು.

ಹಂತ 1: ಇದ್ದದ್ದನ್ನು ಉಳಿಸಿಕೊಳ್ಳುವುದು

ಹೊಸ ಫರ್ಮ್‌ವೇರ್ ಹಾಕುವ ಮೊದಲು ಹಳೆಯದರ ಸಿಎಲ್‌ಐ (ಆದೇಶ ಟೈಪ್ ಮಾಡುವ ಪರದೆ) ತೆರೆದು 'ವರ್ಷನ್', 'ಡಂಪ್ ಆಲ್' (ಎಲ್ಲ ಸೆಟ್ಟಿಂಗಿನ ಪಟ್ಟಿ) ಎರಡೂ ಹೊಡೆದು ಫೈಲ್‌ಗೆ ಹಾಕಿಕೊಂಡೆ. ಇದನ್ನು ಯಾರೂ ಬಿಡಬೇಡಿ. ನನ್ನ ಅರ್ಧ ಕೆಲಸ ಉಳಿಸಿದ್ದು ಈ ಫೈಲೇ.

ವರ್ಷನ್ ಸಾಲಿನಲ್ಲೇ ಅನುಮಾನ ಬಂತು. ಅಧಿಕೃತ 4.3 ಬಿಲ್ಡ್ ಆದರೆ ಅಲ್ಲಿ ಕಮಿಟ್ ಗುರುತು ಇರುತ್ತದೆ. ಯಾವ ಸೋರ್ಸ್‌ನಿಂದ ಕಟ್ಟಿದ್ದು ಅಂತ ಅದರಿಂದ ಗೊತ್ತಾಗುತ್ತದೆ. ನನ್ನದರಲ್ಲಿ ಅದರ ಜಾಗದಲ್ಲಿ 'ನೋರಿವಿಷನ್' ಅಂತ ಇತ್ತು. ಅಂದರೆ ಯಾರೋ ತಮ್ಮ ಕಂಪ್ಯೂಟರಿನಲ್ಲಿ ತಮ್ಮದೇ ಬದಲಾವಣೆ ಮಾಡಿ ಕಟ್ಟಿದ್ದು ಇರಬಹುದು. ಬೋರ್ಡಿನ ಹೆಸರನ್ನು ಬೀಟಾಫ್ಲೈಟ್ ಕಾನ್ಫಿಗರೇಟರಿನ (ಬೋರ್ಡಿಗೆ ಫರ್ಮ್‌ವೇರ್, ಸೆಟ್ಟಿಂಗ್ ಹಾಕುವ ಸಾಫ್ಟ್‌ವೇರ್) ಪಟ್ಟಿಯಲ್ಲಿ ಹುಡುಕಿದೆ. ಇಲ್ಲ.

ಪೂರ್ತಿ ಫರ್ಮ್‌ವೇರನ್ನೇ ಓದಿ ಇಟ್ಟುಕೊಳ್ಳೋಣ ಅಂತ 350 ರೂಪಾಯಿಯ ಎಸ್‌ಟಿ-ಲಿಂಕ್ ತರಿಸಿದೆ. ಬೋರ್ಡಿನ ಹಿಂಭಾಗದ ಸಣ್ಣ ಪ್ಯಾಡ್‌ಗಳಿಗೆ 30 ಗೇಜ್ ವೈರ್ ಸೋಲ್ಡರ್ ಮಾಡಿ ಜೋಡಿಸಿದರೆ, ಚಿಪ್ ಓದಲು ಬಿಡಲಿಲ್ಲ. ರೀಡ್ ಪ್ರೊಟೆಕ್ಷನ್ ಲೆವೆಲ್ 1. ಬೀಗ ತೆಗೆಯಬಹುದು, ಆದರೆ ತೆಗೆದ ಕೂಡಲೇ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಲೆವೆಲ್ 2 ಹಾಕಿದ್ದರೆ ಬೋರ್ಡು ಸೀದಾ ಗುಜರಿಗೆ. ಅಷ್ಟಾದರೂ ದಯೆ ತೋರಿಸಿದ್ದಾರೆ.

ಹಂತ 2: ಕೇಳಿ ನೋಡುವುದು

ಬೀಟಾಫ್ಲೈಟಿನ ಲೈಸೆನ್ಸ್ ಜಿಪಿಎಲ್ 3. ಅದರ ವಂಶ ಹೀಗೆ: ವೀ ವಿಡಿಯೋ ಗೇಮಿನ ರಿಮೋಟಿನಿಂದ ಗೈರೋ (ತಿರುಗುವುದನ್ನು ಅಳೆಯುವ ಸೆನ್ಸರ್) ಕಿತ್ತು ಆರ್ಡುಯಿನೊ ಬೋರ್ಡಿಗೆ ಜೋಡಿಸಿದ ಮಲ್ಟಿವೀ, ಅದರಿಂದ 32 ಬಿಟ್ ಚಿಪ್‌ಗೆ ಬಂದ ಬೇಸ್‌ಫ್ಲೈಟ್, ಆಮೇಲೆ ಕ್ಲೀನ್‌ಫ್ಲೈಟ್, ಅದರಿಂದ ಬೀಟಾಫ್ಲೈಟ್. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತೆಗೆದುಕೊಂಡು ಮುಂದುವರಿಸಿದ್ದು ಸೋರ್ಸ್ ಸಿಕ್ಕಿದ್ದಕ್ಕೇ. ಷರತ್ತು ಕಷ್ಟದ್ದೇನಲ್ಲ. ಮಾರಿ, ದುಡ್ಡು ಮಾಡಿ, ಬದಲಾಯಿಸಿ, ಯಾರೂ ಬೇಡ ಅನ್ನುವುದಿಲ್ಲ. ಬದಲಾಯಿಸಿದ್ದನ್ನು ವಸ್ತುವಿನ ಜೊತೆ ಮಾರಿದರೆ ಆ ಬದಲಾವಣೆಯೂ ಸೇರಿ ಪೂರ್ತಿ ಸೋರ್ಸ್ ಕೊಡಬೇಕು, ಅಥವಾ ಕೇಳಿದವರಿಗೆ ಕೊಡುತ್ತೇವೆ ಅಂತ ಕನಿಷ್ಠ 3 ವರ್ಷ ನಡೆಯುವ ಲಿಖಿತ ಭರವಸೆಯನ್ನು ಡಬ್ಬಿಯಲ್ಲಿ ಹಾಕಬೇಕು. ಲೈಸೆನ್ಸಿನ ಪ್ರತಿಯೂ ಜೊತೆಗಿರಬೇಕು. ನನ್ನ ಡಬ್ಬಿಯಲ್ಲಿ ಇದ್ದದ್ದು ಎರಡು ಸ್ಟಿಕರ್, ರಬ್ಬರ್ ಗ್ರೊಮೆಟ್, ಕೆಪಾಸಿಟರ್.

ಮೇಲ್ ಹಾಕಿದೆ. ಇಂಥ ಬೋರ್ಡು, ಇಂಥ ಆರ್ಡರ್, ಇದರ ಫರ್ಮ್‌ವೇರಿನ ಸೋರ್ಸ್ ಬೇಕು ಅಂತ. ಉತ್ತರ ಬೇಗನೇ ಬಂತು, ತುಂಬಾ ವಿನಯದಿಂದ, ಜೊತೆಗೆ ಒಂದು ಹೆಕ್ಸ್ ಫೈಲ್. ಹೆಕ್ಸ್ ಬೇಡ, ಸೋರ್ಸ್ ಬೇಕು ಅಂತ ಮತ್ತೆ ಬರೆದೆ, ಲೈಸೆನ್ಸಿನ 6ನೇ ಕಲಮನ್ನೂ ಹಾಕಿದೆ. ಅದು ನಮ್ಮ ತಾಂತ್ರಿಕ ಗುಟ್ಟು, ಕೊಡಲಾಗುವುದಿಲ್ಲ ಅಂದರು. ಊರ ಬಾವಿಯಿಂದ ನೀರು ಸೇದಿ, ಹೋಗುವಾಗ ಹಗ್ಗವನ್ನೂ ಮನೆಗೆ ಹೊತ್ತುಕೊಂಡು ಹೋದ ಹಾಗೆ. ಮೂರನೇ ಮೇಲ್‌ಗೆ ಉತ್ತರವೇ ಇಲ್ಲ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದಿರಲಿ. ಓದದ ಹಾಗೆ ಬೀಗ ಹಾಕುವುದನ್ನು ಜಿಪಿಎಲ್ ತಡೆಯುವುದಿಲ್ಲ. ಅಳಿಸಿ ನಮ್ಮದನ್ನು ಹಾಕಿಕೊಳ್ಳಲು ದಾರಿ ಇದೆಯಲ್ವಾ, ಅಷ್ಟು ಸಾಕು. ತಪ್ಪಿರುವುದು ಸೋರ್ಸ್ ಕೊಡದೇ ಇರುವುದರಲ್ಲಿ. ಇನ್ನು ಕಂಪನಿಯ ಮೇಲೆ ಕ್ರಮ ಕೈಗೊಳ್ಳಬೇಕಾದವರು ಸಾಮಾನ್ಯವಾಗಿ ಕೋಡ್ ಬರೆದವರು, ಕಾಪಿರೈಟ್ ಅವರದ್ದು. ಅವರು ನೋಟಿಸ್ ಕೊಟ್ಟ 30 ದಿನದ ಒಳಗೆ ಕಂಪನಿ ಸರಿಪಡಿಸಿಕೊಂಡರೆ ಮೊದಲ ಸಲದ ತಪ್ಪಿಗೆ ಲೈಸೆನ್ಸ್ ಮರಳಿ ಸಿಗುತ್ತದೆ ಅಂತ ಜಿಪಿಎಲ್ 3ರಲ್ಲೇ ಇದೆ. ಕೊಂಡವರಿಗೂ ಕೇಳುವ ಹಕ್ಕಿದೆ ಅನ್ನುವ ವಾದ ಇಟ್ಟುಕೊಂಡು 2021ರಲ್ಲಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಅನ್ನುವ ಸಂಸ್ಥೆ ವಿಝಿಯೋ ಟಿವಿ ಕಂಪನಿಯ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕೇಸು ಹಾಕಿತು. ನಾನು ಉಡುಪಿಯಲ್ಲಿ ಕೂತು 4,600 ರೂಪಾಯಿಯ ಬೋರ್ಡಿಗೆ ಕೋರ್ಟಿಗೆ ಹೋಗುವವನಲ್ಲ. ಹೋಗುವುದಿಲ್ಲ ಅಂತ ಅವರಿಗೂ ಗೊತ್ತು.

ಹೆಕ್ಸ್‌ನಿಂದ ಒಂದು ಉಪಕಾರ ಆಯ್ತು. ಚಿಪ್ ಅಳಿಸಿದರೂ ಹಳೆಯ ಸ್ಥಿತಿಗೆ ಮರಳಬಹುದು. ಧೈರ್ಯವಾಗಿ ಅಳಿಸಿದೆ.

ಹಂತ 3: ಹೋಲುವ ಬೋರ್ಡಿನ ಟಾರ್ಗೆಟ್ ಹಾಕಿ ನೋಡಿದ್ದು

ಪಟ್ಟಿಯಲ್ಲಿ ಇದೇ ತರಹದ ಇನ್ನೊಂದು ಎಫ್405 ಬೋರ್ಡು ಇತ್ತು. ಅದರ 4.5 ಟಾರ್ಗೆಟ್ (ಆ ಬೋರ್ಡಿಗೆಂದೇ ಕಟ್ಟಿದ ಫರ್ಮ್‌ವೇರ್) ಹಾಕಿದೆ. ಬೂಟ್ ಆಯ್ತು. ಕಾನ್ಫಿಗರೇಟರಿನಲ್ಲಿ ಡ್ರೋನನ್ನು ಮುಂದಕ್ಕೆ ಬಗ್ಗಿಸಿದರೆ ಪರದೆಯ ಮೇಲಿನದ್ದು ಪಕ್ಕಕ್ಕೆ ವಾಲುತ್ತಿತ್ತು. ಮೋಟಾರ್ 2 ತಿರುಗಿಸಿದರೆ 3 ತಿರುಗುತ್ತಿತ್ತು. ಹೀಗೇ ಆರ್ಮ್ ಮಾಡಿದ್ದರೆ (ಹಾರಲು ಮೋಟಾರ್ ಚಾಲೂ ಮಾಡಿದ್ದರೆ) ಮಗುಚಿ ಬೀಳುತ್ತಿತ್ತು. ಈ ಪರೀಕ್ಷೆಗಳೆಲ್ಲ ಪ್ರೊಪೆಲ್ಲರ್ ಬಿಚ್ಚಿಟ್ಟೇ ಮಾಡಬೇಕು.

ಹಳೆಯ ಡಂಪ್ ಇತ್ತಲ್ಲ, ಅದರಿಂದ ರಿಸೋರ್ಸ್, ಟೈಮರ್, ಡಿಎಂಎ ಸಾಲುಗಳನ್ನು (ಯಾವ ಪಿನ್ ಯಾವ ಕೆಲಸಕ್ಕೆ ಅನ್ನುವವು) ಮಾತ್ರ ತೆಗೆದು ಅಂಟಿಸಿದೆ. ಪೂರ್ತಿ ಡಂಪ್ ಅಂಟಿಸಬೇಡಿ, 4.3ರ ಕೆಲವು ಸೆಟ್ಟಿಂಗಿನ ಹೆಸರು 4.5ರಲ್ಲಿ ಇಲ್ಲ. ಗೈರೋ ದಿಕ್ಕನ್ನೂ ಡಂಪ್ ನೋಡಿ 270 ಡಿಗ್ರಿ ಮಾಡಿದೆ. ಮೋಟಾರ್ ಸರಿಯಾಯ್ತು, ಗೈರೋ ಸರಿಯಾಯ್ತು, ಜಿಪಿಎಸ್, ರಿಸೀವರ್ ಎರಡೂ ಬಂದವು.

ಎರಡು ಬರಲಿಲ್ಲ. ವಿಡಿಯೋ ಪೂರ್ತಿ ಕತ್ತಲೆ. ಬ್ಲ್ಯಾಕ್‌ಬಾಕ್ಸ್ ಟ್ಯಾಬಿನಲ್ಲಿ ಫ್ಲ್ಯಾಶ್ ಚಿಪ್ಪೇ ಇಲ್ಲ ಅನ್ನುತ್ತಿತ್ತು. ಕಂಪನಿಯ ಹೆಕ್ಸ್ ಮತ್ತೆ ಹಾಕಿದರೆ ಎರಡೂ ಸರಿ. ಅಂದರೆ ಹಾರ್ಡ್‌ವೇರ್ ಕೆಟ್ಟಿಲ್ಲ. ಡಂಪಿನಲ್ಲಿ ಕಾಣದ ಏನೋ ಎರಡನ್ನು ಅವರು ಕೋಡಿನ ಒಳಗೇ ಬರೆದಿದ್ದಾರೆ.

ಹಂತ 4: ವಿಟಿಎಕ್ಸ್ ಕರೆಂಟು ಎಲ್ಲಿ ನಿಂತಿದೆ

ಸ್ಮೋಕ್ ಸ್ಟಾಪರ್ (ಶಾರ್ಟ್ ಆದರೆ ಕರೆಂಟ್ ತಡೆಯುವುದು) ಹಾಕಿ ಬ್ಯಾಟರಿ ಕೊಟ್ಟೆ. ವಿಟಿಎಕ್ಸ್‌ನ 9 ವೋಲ್ಟ್ ಪ್ಯಾಡಿನಲ್ಲಿ ಕಂಪನಿ ಹೆಕ್ಸ್ ಇದ್ದಾಗ 9.04 ವೋಲ್ಟ್, ನನ್ನ 4.5 ಇದ್ದಾಗ 0.2. ಪ್ಯಾಡಿನ ಹಿಂದೆ ಆರು ಕಾಲಿನ ಒಂದು ಸಣ್ಣ ರೆಗ್ಯುಲೇಟರ್ ಚಿಪ್ ಇದೆ. ಅದನ್ನು ಆನ್ ಮಾಡುವ ಕಾಲನ್ನು ಮೈಕ್ರೋಕಂಟ್ರೋಲರಿನ ಯಾವುದೋ ಪಿನ್ ಎತ್ತಿ ಹಿಡಿಯಬೇಕು. ಯಾವ ಪಿನ್?

ಮೊದಲು ಆನ್ ಮಾಡುವ ಕಾಲು ಯಾವುದು ಅಂತ ಹುಡುಕಬೇಕಿತ್ತು. ಚಿಪ್ಪಿನ ಮೇಲಿನ ಗುರುತಿನಿಂದ ಡೇಟಾಶೀಟ್ ಸಿಗಲಿಲ್ಲ. ಬೇಕಾಗಲೂ ಇಲ್ಲ. ಬ್ಯಾಟರಿ ತೆಗೆದು ಯುಎಸ್‌ಬಿ ಮಾತ್ರ ಕೊಟ್ಟು ಪ್ರತಿ ಕಾಲಿನ ವೋಲ್ಟೇಜ್ ಅಳೆದೆ, ಒಮ್ಮೆ ಅವರ ಫರ್ಮ್‌ವೇರಿನಲ್ಲಿ, ಒಮ್ಮೆ ನನ್ನದರಲ್ಲಿ. ಒಂದೇ ಒಂದು ಕಾಲು ಅವರದರಲ್ಲಿ 3.3, ನನ್ನದರಲ್ಲಿ 0. ಅದೇ.

ಅಲ್ಲಿಂದ ಮೈಕ್ರೋಕಂಟ್ರೋಲರಿನ 64 ಕಾಲುಗಳಲ್ಲಿ ಯಾವುದಕ್ಕೆ ಹೋಗಿದೆ ಅಂತ ನೋಡಬೇಕು. ಕಾಲಿನಿಂದ ಕಾಲಿಗೆ ಅಂತರ ಅರ್ಧ ಮಿಲಿಮೀಟರ್. ನನ್ನ ಮಲ್ಟಿಮೀಟರಿನ ಮೊನೆ ಎರಡು ಕಾಲಿಗೆ ಒಟ್ಟಿಗೆ ತಾಗುತ್ತದೆ. ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರ ಪರಿಚಯದ ಒಬ್ಬರು ಮೊಬೈಲ್ ರಿಪೇರಿಯವರು ಇದ್ದಾರೆ, ಮೈಕ್ರೋಸ್ಕೋಪ್ ಇದೆ. ಬೋರ್ಡು ಹಿಡಿದುಕೊಂಡು ಹೋದೆ.

"ಎಂತ ಇದು? ಮೊಬೈಲಿನದ್ದಲ್ಲ ಅಲ್ವಾ?"

"ಡ್ರೋನಿಂದು ಅಣ್ಣಾ. ಈ ಕಾಲು ದೊಡ್ಡ ಚಿಪ್ಪಿನ ಯಾವ ಕಾಲಿಗೆ ಹೋಗಿದೆ ಅಂತ ನೋಡ್ಬೇಕು."

ಕಣ್ಣಿಟ್ಟು ನೋಡಿ ನಕ್ಕರು. "ಇಷ್ಟು ದೊಡ್ಡ ಕಾಲು ಉಂಟು! ನಮ್ಮ ಚಿಪ್‌ಗೆ ಕಾಲೇ ಇಲ್ಲ ಮಾರಾಯ್ರೆ, ಎಲ್ಲ ಹೊಟ್ಟೆ ಕೆಳಗೆ."

ಅವರ ಮೀಟರಿನ ಮೊನೆಗೆ ಹೊಲಿಗೆ ಸೂಜಿ ಕಟ್ಟಿದ್ದರು. ಬೀಪ್ ಮೋಡಿನಲ್ಲಿ ಒಂದೊಂದೇ ಕಾಲು ಮುಟ್ಟುತ್ತಾ ಹೋದರು. ಸುತ್ತು ಪೂರ್ತಿ ಆಯ್ತು, ಬೀಪ್ ಬರಲಿಲ್ಲ. "ನಡುವೆ ರೆಸಿಸ್ಟರ್ ಉಂಟು, ಅದಕ್ಕೆ ಕೂಗುದಿಲ್ಲ" ಅಂತ ಓಮ್ಸ್‌ಗೆ ತಿರುಗಿಸಿದರು. ಈ ಸಲ 10ನೇ ಕಾಲಿನಲ್ಲಿ ಮೀಟರ್ 1 ಕಿಲೋ ಓಮ್ ತೋರಿಸಿ ಅಲುಗಾಡದೆ ನಿಂತಿತು. ಉಳಿದ ಕಾಲುಗಳಲ್ಲಿ ಎಲ್ಲೋ ದೂರದ, ಓಡಾಡುವ ಅಂಕಿ. 64 ಕಾಲಿನ ಎಫ್405ರಲ್ಲಿ 10 ಅಂದರೆ ಪಿಸಿ2, ಬೀಟಾಫ್ಲೈಟ್ ಭಾಷೆಯಲ್ಲಿ ಸಿ02. ಬೀಪ್ ಬಾರದಿದ್ದರೆ ಸಂಪರ್ಕ ಇಲ್ಲ ಅಂದುಕೊಳ್ಳಬೇಡಿ. ಬೀಪ್ ಕೂಗುವುದು ಕೆಲವೇ ಹತ್ತು ಓಮ್ ಒಳಗಿದ್ದರೆ ಮಾತ್ರ. ದುಡ್ಡು ಬೇಡ ಅಂದರೂ 150 ಕೊಟ್ಟು ಬಂದೆ.

ಮನೆಗೆ ಬಂದು ಸಿಎಲ್‌ಐಯಲ್ಲಿ ಪಿನ್‌ಐಒ (ಪಿನ್ ಆನ್, ಆಫ್ ಮಾಡುವ ಸೌಕರ್ಯ) 1ಕ್ಕೆ ಸಿ02 ಕೊಟ್ಟು, ಪಿನ್‌ಐಒ ಕಾನ್ಫಿಗ್‌ನ ಮೊದಲ ಅಂಕಿ 129 ಮಾಡಿದೆ. 1 ಅಂತ ಹಾಕಿದರೆ ಬೂಟ್ ಆದಾಗ ಪಿನ್ ಕೆಳಗಿರುತ್ತದೆ, ಸ್ವಿಚ್ ಹಾಕಿದರೆ ಮಾತ್ರ ಏಳುತ್ತದೆ. 129 ಅಂದರೆ ತಿರುಗುಮುರುಗು, ಬೂಟ್‌ನಲ್ಲೇ ಎದ್ದಿರುತ್ತದೆ. ಪಿನ್‌ಐಒ ಬಾಕ್ಸ್ 40 ಮಾಡಿದರೆ ಯೂಸರ್ 1 ಸ್ವಿಚ್‌ನಿಂದ ವಿಟಿಎಕ್ಸ್ ಆಫ್ ಮಾಡಲೂ ಬರುತ್ತದೆ. ಬೆಂಚಿನ ಮೇಲೆ ಗಾಳಿ ಇಲ್ಲದೆ ವಿಟಿಎಕ್ಸ್ ಬಿಸಿಯಾಗುತ್ತದಲ್ಲ, ಆಗ ಉಪಯೋಗ. ಕಂಪನಿಯ ಫರ್ಮ್‌ವೇರಿನಲ್ಲಿ ಈ ಸೌಕರ್ಯ ಇರಲಿಲ್ಲ. ಬ್ಯಾಟರಿ ಕೊಟ್ಟೆ, ಚಿತ್ರ ಬಂತು.

ಹಂತ 5: ಫ್ಲ್ಯಾಶ್ ಚಿಪ್

ಬ್ಲ್ಯಾಕ್‌ಬಾಕ್ಸ್ ಫ್ಲ್ಯಾಶ್ ಅಂದರೆ ಲಾಗ್ ತುಂಬಿಡುವ 16 ಎಂಬಿಯ ಸಣ್ಣ ಮೆಮೊರಿ. ಬೂಟ್ ಆಗುವಾಗ ಬೀಟಾಫ್ಲೈಟ್ ಅದಕ್ಕೆ ನೀನು ಯಾರು ಅಂತ ಕೇಳುತ್ತದೆ. ಚಿಪ್ ಮೂರು ಬೈಟ್ ಉತ್ತರ ಕೊಡುತ್ತದೆ: ತಯಾರಕ, ಜಾತಿ, ಗಾತ್ರ. ಆ ಉತ್ತರ ಕೋಡಿನಲ್ಲಿರುವ ಪಟ್ಟಿಯಲ್ಲಿ ಇದ್ದರೆ ಚಿಪ್ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನಮ್ಮ ಕಂಪನಿಯವರು ಸ್ವಲ್ಪ ಅಗ್ಗದ ಚಿಪ್ ಹಾಕಿ, ತಮ್ಮ ಪಟ್ಟಿಗೆ ಒಂದು ಸಾಲು ಸೇರಿಸಿ, ಆ ಸಾಲನ್ನು ಗುಟ್ಟು ಮಾಡಿಕೊಂಡಿದ್ದಾರೆ.

ಚಿಪ್ಪಿನ ಉತ್ತರ ಏನು ಅಂತ ಗೊತ್ತಾಗಬೇಕಲ್ಲ. ಸಿಎಚ್341ಎ ಪ್ರೋಗ್ರಾಮರ್ (ಮೆಮೊರಿ ಚಿಪ್ ಓದುವ ಸಾಧನ), ಕ್ಲಿಪ್ ಸೇರಿ 420 ರೂಪಾಯಿಗೆ ತರಿಸಿದೆ. ಪೂರ್ತಿ ದಂಡ. ಈ ಚಿಪ್ಪಿಗೆ ಹೊರಗೆ ಕಾಲಿಲ್ಲ, ಸಂಪರ್ಕವೆಲ್ಲ ಕೆಳಗೆ. ಕ್ಲಿಪ್ ಹಿಡಿಯುವುದೇ ಇಲ್ಲ. ಅದೂ ಅಲ್ಲದೆ ಆ ಕಪ್ಪು ಪ್ರೋಗ್ರಾಮರಿನ ಡೇಟಾ ಕಾಲುಗಳಲ್ಲಿ 5 ವೋಲ್ಟ್ ಬರುತ್ತಿತ್ತು, 3.3ರ ಚಿಪ್‌ಗೆ ಅದನ್ನು ಕೊಡುವುದು ಸರಿಯಲ್ಲ. ಯಾರಾದರೂ ತರಿಸುವುದಿದ್ದರೆ ಮೊದಲು ಅಳೆದು ನೋಡಿ.

ಹಾಗಾದರೆ ಬೋರ್ಡಿನ ಬಾಯಿಂದಲೇ ಹೇಳಿಸೋಣ ಅಂತ ಬೀಟಾಫ್ಲೈಟ್ ಸೋರ್ಸ್ ಇಳಿಸಿಕೊಂಡೆ. ಉಬುಂಟು ಲ್ಯಾಪ್‌ಟಾಪ್, ಅವರೇ ಕೊಟ್ಟ ಮೇಕ್ ಆದೇಶದಿಂದ ಕಂಪೈಲರ್ ಇಳಿಯುತ್ತದೆ. ಚಿಪ್ ಗುರುತು ಓದುವ ಜಾಗದಲ್ಲಿ ಉತ್ತರವನ್ನು ಡೀಬಗ್ ಖಾನೆಗಳಿಗೆ ಹಾಕುವ ಎರಡು ಸಾಲು ಸೇರಿಸಿದೆ. ಖಾನೆ 16 ಬಿಟ್ಟಿನದ್ದು, ಉತ್ತರ 24 ಬಿಟ್. ಹಾಗಾಗಿ ಮೊದಲ ಬೈಟ್ ಒಂದು ಖಾನೆಗೆ, ಉಳಿದೆರಡು ಇನ್ನೊಂದಕ್ಕೆ. ಸೆನ್ಸರ್ ಟ್ಯಾಬಿನಲ್ಲಿ ಎರಡನೇ ಖಾನೆ 16408 ತೋರಿಸಿತು. ಹದಿನಾರರ ಅಂಕಿ ಪದ್ಧತಿಯಲ್ಲಿ ಅದು 4018. ಕೊನೆಯ 18 ಅಂದರೆ ದಶಮಾನದ 24, ಎರಡರ 24ನೇ ಘಾತ, ಸರಿಯಾಗಿ 16 ಎಂಬಿ. ಪಟ್ಟಿಯಲ್ಲಿರುವ ವಿನ್‌ಬಾಂಡ್ ಚಿಪ್ಪಿನದ್ದೂ ಕೊನೆಗೆ 4018 ಅಂತಲೇ ಇದೆ. ವ್ಯತ್ಯಾಸ ಇದ್ದದ್ದು ಮೊದಲ ಬೈಟಿನಲ್ಲಿ ಮಾತ್ರ. ವಿನ್‌ಬಾಂಡ್ ಆದರೆ ಅಲ್ಲಿ 239 ಬರಬೇಕಿತ್ತು.

ವಿನ್‌ಬಾಂಡ್ ಸಾಲನ್ನು ನಕಲು ಮಾಡಿ ಮೊದಲ ಬೈಟ್ ಬದಲಾಯಿಸಿದೆ. 256 ಸೆಕ್ಟರ್, ಪ್ರತಿ ಸೆಕ್ಟರಿಗೆ 256 ಪೇಜ್. ಕಂಪನಿ ಹೆಕ್ಸ್ ಇದ್ದಾಗ 'ಫ್ಲ್ಯಾಶ್ ಇನ್ಫೋ' ಹೊಡೆದು ಬರೆದಿಟ್ಟ ಅಂಕಿಗಳೂ ಅವೇ. ಡೀಬಗ್ ಸಾಲು ತೆಗೆದು ಮತ್ತೆ ಕಟ್ಟಿ ಹಾಕಿದೆ. ಬ್ಲ್ಯಾಕ್‌ಬಾಕ್ಸ್ ಟ್ಯಾಬಿನಲ್ಲಿ ಪೂರ್ತಿ ಖಾಲಿ 16 ಎಂಬಿ ಕಂಡಿತು.

ತಾಂತ್ರಿಕ ಗುಟ್ಟು ಅಂದದ್ದು ಇಷ್ಟನ್ನೇ. ಫ್ಲ್ಯಾಶ್ ಪಟ್ಟಿಯಲ್ಲಿ ಒಂದು ಸಾಲು, ಬೂಟ್‌ನಲ್ಲಿ ಎತ್ತುವ ಒಂದು ಪಿನ್. ಇದರಲ್ಲಿ ಯಾವ ಎದುರಾಳಿ ಕದಿಯುವಂಥದ್ದು ಏನಿದೆ ಹೇಳಿ? ಮೊದಲ ಮೇಲ್‌ಗೆ ಹೆಕ್ಸ್ ಬದಲು ಈ ಎರಡು ಸಾಲು ಕಳಿಸಿದ್ದರೆ ನನಗೆ ಒಂದು ಸಂಜೆಯ ಕೆಲಸ ಆಗುತ್ತಿತ್ತು. ಕೆಲವು ತಯಾರಕರು ಬೋರ್ಡು ಮಾರುಕಟ್ಟೆಗೆ ಬರುವ ಮೊದಲೇ ತಮ್ಮ ಕಾನ್ಫಿಗ್ಗನ್ನು ಬೀಟಾಫ್ಲೈಟಿಗೆ ಸೇರಿಸುತ್ತಾರೆ. ಅಂಥವರ ಬೋರ್ಡು ನಾಲ್ಕೈದು ನೂರು ಜಾಸ್ತಿ ಆಗಬಹುದು. ಮುಂದಿನ ಸಲ ಕೊಳ್ಳುವ ಮೊದಲು ಬೋರ್ಡಿನ ಹೆಸರು ಪಟ್ಟಿಯಲ್ಲಿದೆಯಾ ಅಂತ ನೋಡಿಯೇ ದುಡ್ಡು ಕೊಡುವುದು.

ಹಂತ 6: ಸರಿಯಾದ ಕಾನ್ಫಿಗ್, ಇಎಸ್‌ಸಿ, ಕೋಟಿಂಗ್

ಹೋಲುವ ಬೋರ್ಡಿನ ಮೇಲೆ ತೇಪೆ ಹಾಕಿ ಹಾರಿಸುವುದು ಬೇಡ ಅನಿಸಿ, ಈ ಬೋರ್ಡಿಗೇ ಒಂದು ಕಾನ್ಫಿಗ್ ಫೋಲ್ಡರ್ ಮಾಡಿದೆ. ಪಿನ್, ಟೈಮರ್, ಗೈರೋ ದಿಕ್ಕು, ಪಿನ್‌ಐಒ ಎಲ್ಲ ಒಂದೇ ಫೈಲಿನಲ್ಲಿ. ಈಗ ಸೆಟ್ಟಿಂಗ್ ಎಲ್ಲ ಡಿಫಾಲ್ಟ್‌ಗೆ ಹೋದರೂ ವಿಡಿಯೋ ಹೋಗುವುದಿಲ್ಲ.

ಇಎಸ್‌ಸಿ ಬಿಎಲ್‌ಹೆಲಿ ಎಸ್ ಜಾತಿಯದ್ದು, ಅದಕ್ಕೆ ಬ್ಲೂಜೇ ಅನ್ನುವ ಫರ್ಮ್‌ವೇರ್ ಹಾಕಿದೆ. ಹತ್ತು ನಿಮಿಷದ ಕೆಲಸ. ಎರಡೂ ಓಪನ್ ಸೋರ್ಸ್, ಅದಕ್ಕೇ ಅಷ್ಟು ಸಲೀಸು. ಬಿಎಲ್‌ಹೆಲಿ 32 ಇದ್ದವರ ಪಾಡು ಬೇರೆ. ಅದು ಮುಚ್ಚಿದ ಸೋರ್ಸ್, 2024ರಲ್ಲಿ ಮಾಡಿದವರೇ ಅಂಗಡಿ ಮುಚ್ಚಿದರು.

ಸಮುದ್ರ ಹತ್ತಿರ ಇರುವವರು ಕನ್ಫಾರ್ಮಲ್ ಕೋಟಿಂಗ್ (ಬೋರ್ಡಿಗೆ ತೇವ ತಾಗದ ಹಾಗೆ ತಡೆಯುವ ಲೇಪ) ಹಚ್ಚದೆ ಹಾರಿಸಬೇಡಿ. ಬಾಟಲಿಗೆ 550. ಯುಎಸ್‌ಬಿ, ಬೂಟ್ ಬಟನ್, ಬ್ಯಾರೋಮೀಟರಿನ ತೂತಿಗೆ ಕ್ಯಾಪ್ಟಾನ್ ಟೇಪ್ ಅಂಟಿಸಿ ಹಚ್ಚಿ.

ಹಂತ 7: ಗದ್ದೆಯಲ್ಲಿ

ಬಜ್ಪೆ ವಿಮಾನ ನಿಲ್ದಾಣ ಇಲ್ಲಿಂದ ದೂರ, ಆದರೂ ಡಿಜಿಟಲ್ ಸ್ಕೈ ಮ್ಯಾಪ್ (ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ನಕ್ಷೆ) ನೋಡಿಕೊಂಡೇ ಹೋದೆ. ಮರಳುವ ಎತ್ತರ 35 ಮೀಟರ್ ಇಟ್ಟೆ, ತೆಂಗಿನ ಗರಿಗೆ ಸಿಕ್ಕಬಾರದು. ರೇಡಿಯೋ ಆಫ್ ಮಾಡುವ ಸಾಹಸ ಮೊದಲೇ ಬೇಡ, ಸ್ವಿಚ್‌ನಿಂದ ರೆಸ್ಕ್ಯೂ ಹಾಕಿ ನೋಡಿ. ಏನಾದರೂ ಎಡವಟ್ಟಾದರೆ ಸ್ವಿಚ್ ವಾಪಸ್ ಹಾಕಿ ಕೈಯಲ್ಲಿ ಹಿಡಿಯಬಹುದು. ಏರಿತು, ತಿರುಗಿತು, ತಲೆಯ ಮೇಲೆ ಬಂದು ಇಳಿಯತೊಡಗಿತು.

ಮರಳುವಾಗ ಒಂದು ಸಣ್ಣ ನಡುಕ ಇತ್ತು. ಬ್ಲ್ಯಾಕ್‌ಬಾಕ್ಸ್ ಇಳಿಸಿ ನೋಡಿದರೆ ಮೋಟಾರ್ 3ರ ಕಡೆ ಗದ್ದಲ. ಬಿಚ್ಚಿದಾಗ ಬೇರಿಂಗ್ ತುಕ್ಕು ಹಿಡಿದಿತ್ತು. ಮಲ್ಪೆ ಕಡಲ ದಂಡೆಯಲ್ಲಿ ಹಾರಿಸಿದ್ದರ ಪ್ರಸಾದ. ಹೊಸ ಮೋಟಾರ್ 850. ಫ್ಲ್ಯಾಶ್ ಚಿಪ್ ಎದ್ದಿರದಿದ್ದರೆ ನಾನು ಪಿಐಡಿ (ಹಾರಾಟ ಸ್ಥಿರವಾಗಿಡುವ ಸೆಟ್ಟಿಂಗ್) ತಿರುಗಿಸುತ್ತಾ ಕೂತಿರುತ್ತಿದ್ದೆ.

ಸ್ಟ್ಯಾಕ್ ಬಿಟ್ಟು ಈ ರಿಪೇರಿಯ ಖರ್ಚು 2,320 ರೂಪಾಯಿ. ಅದರಲ್ಲಿ ಎಸ್‌ಟಿ-ಲಿಂಕ್, ಪ್ರೋಗ್ರಾಮರ್, ಮೈಕ್ರೋಸ್ಕೋಪಿನವರಿಗೆ ಕೊಟ್ಟದ್ದು ಮೂರೂ ಸೇರಿ 920 ಸೋರ್ಸ್ ಸಿಗದ ಕಾರಣಕ್ಕೇ ಆದದ್ದು.

ಮಣಿಪಾಲದ ಒಬ್ಬ ಹುಡುಗನ ಹತ್ತಿರವೂ ಇದೇ ಬೋರ್ಡು ಇದೆ. "ಅಣ್ಣಾ, ನಿಮ್ಮ ಹೆಕ್ಸ್ ಕಳಿಸ್ತೀರಾ?" ಅಂತ ಕೇಳಿದ. ಹೆಕ್ಸ್ ಜೊತೆ ಕಾನ್ಫಿಗ್ ಫೋಲ್ಡರ್, ಫ್ಲ್ಯಾಶ್ ಸಾಲಿನ ಪ್ಯಾಚ್, ಲೈಸೆನ್ಸ್ ಫೈಲ್, ಯಾವ ಕಮಿಟ್ ಮೇಲೆ ಕಟ್ಟಿದ್ದು ಅನ್ನುವ ಒಂದು ಸಾಲು, ಎಲ್ಲ ಜಿಪ್ ಮಾಡಿ ಕಳಿಸಿದೆ. ಹೆಕ್ಸ್ ಹಂಚಿದ ಮೇಲೆ ಆ ಷರತ್ತು ನನಗೂ ಅನ್ವಯ. ಜಿಪ್ ಮಾಡಲು ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲ.

ಬಾಕಿ ಇರುವುದು ಕರೆಂಟ್ ಸೆನ್ಸರ್. ಓಎಸ್‌ಡಿ (ವಿಡಿಯೋ ಮೇಲೆ ಕಾಣುವ ಅಂಕಿಗಳು) 480 ಎಂಎಎಚ್ ಖರ್ಚಾಯ್ತು ಅನ್ನುತ್ತದೆ, ಚಾರ್ಜರ್ ತುಂಬಿದ್ದು 430. ಸ್ಕೇಲ್ 250 ಇದೆ, ಲೆಕ್ಕದ ಪ್ರಕಾರ 279 ಆಗಬೇಕು. ಮಳೆ ಬಿಟ್ಟ ಮೇಲೆ ಎರಡು ಬ್ಯಾಟರಿ ಹಾರಿಸಿ ನೋಡಿ ಇಲ್ಲೇ ಕೆಳಗೆ ಸೇರಿಸುತ್ತೇನೆ.